ಕಂದೀಲ ಹೂವಿನ ಮಡ್ಡಿ

ಜ್ಞಾನದೇವ ನಿಪ್ಪಾಣಿಯ ನನ್ನ ಫೋಟೋ ಸ್ಟುಡಿಯೊಕ್ಕೆ ಮೊದಲ ಸಲ ಬಂದಾಗ ಅವರ ಕ್ಯಾಮೆರಾದಲ್ಲಿ ಒಬ್ಬ ಮನುಷ್ಯನ ಮುಖವೂ ಇರಲಿಲ್ಲ. ಉಡ, ಬುರ್ಲಿ ಹಕ್ಕಿ, ಗಟಾರದ ದಂಡೆಯ ಹೂವು, ಉಳಿದದ್ದೆಲ್ಲ ಹುಲ್ಲು.

"ಕಂಡಕ್ಟರ ಸಾಹೇಬ್ರ, ಮಂದಿ ಮೊಮ್ಮಕ್ಕಳ ಫೋಟೋ ಪ್ರಿಂಟ್ ಹಾಕಸ್ತಾರ. ನೀವು ಕಸದ್ದು ಹಾಕಸ್ತೀರಲ್ರಿ" ಎಂದು ಚೇಷ್ಟೆ ಮಾಡಿದೆ. ಅವರು ನಗಲಿಲ್ಲ. ಪಕ್ಕದಲ್ಲಿದ್ದ ಹೆಂಡತಿ ಜನಾಬಾಯಿ ಬಾಯಿಗೆ ಸೆರಗು ಹಿಡಿದು ನಕ್ಕೇ ನಕ್ಕರು.

ಚಿಕ್ಕೋಡಿ, ರಾಯಬಾಗ, ಕುಡಚಿ ಅಂತ ಮೂವತ್ತು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದ ಮನುಷ್ಯ ಅವರು. ನಿವೃತ್ತಿಯಾದ ಮೇಲೆ ಹಳೇ ಕ್ಯಾಮೆರಾ ಒಂದನ್ನು ಕೊಂಡರು. ಕ್ಯಾಮೆರಾ ಅವರದಾದರೂ ಕಣ್ಣು ಮಾತ್ರ ಜನಾಬಾಯಿಯದು, ಬೀಡಿ ಕಟ್ಟಿ ಕಟ್ಟಿ ಪಳಗಿದ ಕಣ್ಣು. ಹೆಂಡತಿ ಬೆರಳು ತೋರಿಸಿದ ಕಡೆ ಇವರು ಹೊಟ್ಟೆಯ ಮೇಲೆ ಮಲಗಿಬಿಡುತ್ತಿದ್ದರು. ಹೂವು ಎದ್ದು ಕಾಣಲೆಂದು ಆಕೆ ತನ್ನ ಸೆರಗನ್ನು ಅದರ ಹಿಂದೆ ಪರದೆಯಂತೆ ಹಿಡಿಯುತ್ತಿದ್ದರು. ಫೋಟೋದಲ್ಲಿ ಆ ಬಟ್ಟೆ ಕಾಣುವ ಭಾಗ ಕತ್ತರಿಸಿ ಪ್ರಿಂಟ್ ಹಾಕಲೇ ಎಂದು ನಾನೊಮ್ಮೆ ಕೇಳಿ, ಜ್ಞಾನದೇವರಿಂದ ಸರಿಯಾಗಿ ಬೈಸಿಕೊಂಡಿದ್ದೇನೆ.

ಇಬ್ಬರಿಗೂ ಪ್ರಾಣವಾಗಿದ್ದದ್ದು ಚಿಕ್ಕೋಡಿ ರಸ್ತೆಯ ಕಡೆಯ ಒಂದು ಕಲ್ಲುಮಡ್ಡಿ, ಬೇಸಾಯಕ್ಕೆ ಬಾರದ ಬರಡು ದಿಬ್ಬ. ಅಲ್ಲಿ ಕಂದೀಲ ಹೂವು ಬರುತ್ತಿತ್ತು. ಗೇಣುದ್ದದ ಗಿಡ, ಕಂದೀಲಿನಂತೆಯೇ ಆಕಾರದ ಹಸಿರು ಹೂವು. ವರ್ಷವಿಡೀ ನೆಲದೊಳಗೆ ಗಡ್ಡೆಯಾಗಿ ಮಲಗಿದ್ದು, ಶ್ರಾವಣ ಮುಗಿಯುವಾಗ ಎದ್ದು, ಹತ್ತು ದಿನ ಅರಳಿ ಮತ್ತೆ ಮಲಗಿಬಿಡುತ್ತದೆ. ಬಯಲು ಬಿಸಿಲೇ ಬೇಕು ಅದಕ್ಕೆ, ನೆರಳಾಗದು. ನಾನು ಜೊತೆಗೆ ಹೋದ ದಿನ ಜನಾಬಾಯಿ ನನ್ನ ಚಪ್ಪಲಿಯನ್ನೂ ಮಡ್ಡಿಯ ಕೆಳಗೇ ಬಿಡಿಸಿದ್ದರು. "ಕಾಲಬುಡಕ ಜೀವ ಅದಾವೋ ತಮ್ಮಾ, ಸಾವಕಾಶ ನಡಿ" ಎಂದಿದ್ದರು.

ಎರಡು ವರ್ಷದ ಹಿಂದೆ, ಮೇ ತಿಂಗಳಲ್ಲಿ, ಎದೆನೋವು ಅಂತ ಕುಳಿತ ಜನಾಬಾಯಿ ಮತ್ತೆ ಏಳಲಿಲ್ಲ.

ಬೂದಿಯನ್ನು ಹೊಳೆಗೆ ಬಿಡದೆ, ಹೊಲದಲ್ಲಿ ಹಾಕಿ ಅದರ ಮೇಲೊಂದು ಸಸಿ ನೆಡುವ ರೂಢಿ ನಮ್ಮ ಕಡೆ ಬಂದಿದೆ. ಒಳ್ಳೆಯ ರೂಢಿಯೇ. ಆದರೆ ಜ್ಞಾನದೇವರಿಗೆ ಹೊಲವಿಲ್ಲ. ಮೂರನೇ ದಿನ ಬೀಗರು ಎಲ್ಲಿ ಹಾಕೋಣ ಎಂದು ಕೇಳಿದಾಗ ಅವರು ತಲೆ ಎತ್ತದೆ ಹೇಳಿದರು: "ಮಡ್ಡಿಗಿ ಒಯ್ಯೂಣು. ಅಕಿ ಜೀವ ಅಲ್ಲೇ ಇರ್ತಿತ್ತು."

ಅಳಿಯ ವಿಕ್ರಾಂತ ಮನಸ್ಸಿಟ್ಟು ದುಡಿಯುವ ಹುಡುಗ. ಜೆಸಿಬಿ ತರಿಸಿದ, ಟ್ರಾಲಿ ತುಂಬ ಎರೆಮಣ್ಣು ಹೇರಿಸಿದ. ಬಂಧುಬಳಗವೆಲ್ಲ ಆಕೆಯ ಹೆಸರಿನಲ್ಲಿ ಒಂದೊಂದು ಹೊಂಗೆ ಸಸಿ ತಂದರು. ನಾನು ಎರಡು ತಂದೆ. ಬೇಸಿಗೆಯ ಮಡ್ಡಿಯಲ್ಲಿ ಕಲ್ಲು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ತಗ್ಗು ತೋಡುವಾಗ ಕಲ್ಲಿನ ಜೊತೆ ಸಣ್ಣ ಸಣ್ಣ ಗಡ್ಡೆಗಳು ಮೇಲೆ ಬಂದವು. ಎಂಥದೋ ಬೇರು ಅಂತ ನಾನೇ ಅವನ್ನು ಕೈಯಾರೆ ಆರಿಸಿ ಒಗೆದೆ. ಆರು ವರ್ಷ ಆ ಹೂವಿನ ಫೋಟೋ ಪ್ರಿಂಟ್ ಹಾಕಿದವನು ನಾನು! ನನ್ನ ತಲೆಗೆ ಏನಾಗಿತ್ತೋ.

ಆ ವರ್ಷ ಶ್ರಾವಣ ಕಳೆದ ಮೇಲೆ ಜ್ಞಾನದೇವ ಅಂಗಡಿಗೆ ಬಂದು ಕ್ಯಾಮೆರಾ ನನ್ನ ಮುಂದಿಟ್ಟರು. ಒಂದು ಫೋಟೋವೂ ಇರಲಿಲ್ಲ; ಮಡ್ಡಿಯಲ್ಲಿ ಒಂದು ಕಂದೀಲ ಹೂವೂ ಎದ್ದಿರಲಿಲ್ಲ. "ನನ್ನ ಬಾಯಿಲೇ ನಾನ ಹೇಳಿದ್ನಲ್ಲೋ, ಮಡ್ಡಿಗಿ ಒಯ್ಯೂಣು ಅಂತ" ಎಂದು ಅತ್ತರು. ನಾನೂ ಅತ್ತೆ.

ಮರುವರ್ಷ ಒಂದೇ ಒಂದು ಗಿಡ ಬಂತು. ಬಂದದ್ದಾದರೂ ಎಲ್ಲಿ? ಬೂದಿಯ ಮೇಲೆ ನೆಟ್ಟ ಹೊಂಗೆಯ ಬುಡದಲ್ಲೇ. ನೆರಳಿಗೆ ಬಡಕಲಾಗಿ ವಾಲಿತ್ತು, ಹೂ ಬಿಟ್ಟಿರಲಿಲ್ಲ. ಆ ಹೊಂಗೆಯೊಂದನ್ನು ಮಳೆ ಇರುವಾಗಲೇ ಕಿತ್ತು ಇಪ್ಪತ್ತು ಹೆಜ್ಜೆ ಆಚೆ ನೆಟ್ಟರೆ ಇದು ಬದುಕೀತು ಎಂದು ಜ್ಞಾನದೇವರಿಗೆ ಆಸೆ. ಮಗಳು ಮಯೂರಿ ಪ್ರತಿ ರವಿವಾರ ರಾಯಬಾಗದಿಂದ ಬಂದು ಆ ಮರಕ್ಕೆ ನೀರು ಹಾಕಿ, ತಬ್ಬಿಕೊಂಡು, ಮನೆಯ ಸುದ್ದಿಯನ್ನೆಲ್ಲ ಹೇಳಿ ಹೋಗುತ್ತಾಳೆ. ಅವಳನ್ನು ಕೇಳಿದರು.

"ಅದರ ಬೇರು ಅವ್ವನ್ನ ಹಿಡ್ಕೊಂಡೈತಿ. ಕಿತ್ತರ ಅವ್ವ ಎಲ್ಲಿ ಹೋಗಬೇಕಪ್ಪಾ?" ಎಂದಳು ಮಯೂರಿ. ಸಿಟ್ಟಿನಿಂದಲ್ಲ, ಹೆದರಿಕೆಯಿಂದ.

ಸಿಟ್ಟು ಬಂದದ್ದು ನನಗೆ. ಅವಳು ಹೋದ ಮೇಲೆ, "ನಾನ ಕಿತ್ತ ಒಗೀತೀನಿ, ಬೈದರ ನನ್ನ ಬೈಲಿ" ಎಂದು ಎದ್ದೆ. ಜ್ಞಾನದೇವ ನನ್ನ ರಟ್ಟೆ ಹಿಡಿದು ಕೂರಿಸಿದರು.

"ಬ್ಯಾಡೋ. ಅಕಿಗಿ ಅವ್ವ ಅದರಾಗ ಸಿಕ್ಕಾಳ. ನನಗ ಸಿಗಲಿಲ್ಲಂತ ಅಕಿದೂ ಕಸ್ಕೊಳ್ಳಲೇನ?"

ಈ ವರ್ಷ ಭಾದ್ರಪದದ ಒಂದು ರವಿವಾರ ಅವರ ಜೊತೆ ನಾನೂ ಮಡ್ಡಿ ಹತ್ತಿದೆ. ಮಯೂರಿ ಮೊದಲೇ ಬಂದು ಕೊಡ ಇಳಿಸಿಕೊಂಡು ನಿಂತಿದ್ದಳು. ಮರ ಈಗ ಅವಳಿಗಿಂತ ಎತ್ತರ. ಜ್ಞಾನದೇವ ಮೊಣಕಾಲೂರಿ, ಬುಡದ ಹುಲ್ಲನ್ನು ಎಳೆ ಎಳೆಯಾಗಿ ಬಿಡಿಸಿ ನೋಡಿದರು. ಮರದ ಸುತ್ತ ಒಂದು ಸಲ, ಮತ್ತೊಂದು ಸಲ. ಆ ಗಿಡ ಬಂದಿರಲಿಲ್ಲ.

"ಏನ ಹುಡಕಾಕತ್ತೀ ಅಪ್ಪಾ?" ಎಂದಳು ಮಗಳು.

"ಏನಿಲ್ಲವ್ವಾ" ಎಂದು ಎದ್ದರು. ಅವಳ ಕೈಯಿಂದ ಕೊಡ ಇಸಿದುಕೊಂಡು ಹೊಂಗೆಯ ಬುಡಕ್ಕೆ ತಾವೇ ನೀರು ಹಾಕಿದರು.