ಜ್ವರದ ಸ್ವರ

ಸ್ಟುಡಿಯೋದಲ್ಲಿದ್ದ ಆ ಸಿಂಥಸೈಜರ್‌ಗೆ ‘ಅತ್ತೆ’ ಎಂದು ಹೆಸರಿಟ್ಟವಳು ನನ್ನ ಅಕ್ಕ. ಬೆಳಗ್ಗೆ ಎದ್ದ ಕೂಡಲೇ ಮಾತಾಡಿಸಿದರೆ ಮುಖ ಊದಿಸಿಕೊಳ್ಳುತ್ತದೆ, ಸ್ವಲ್ಪ ಹೊತ್ತು ಅದರ ಪಾಡಿಗೆ ಬಿಟ್ಟರೆ ದಾರಿಗೆ ಬರುತ್ತದೆ ಎಂಬುದು ಅವಳ ವಿವರಣೆ. ಅವಳ ನಿಜವಾದ ಅತ್ತೆ ಪಾಪ, ಇರುವೆಗೂ ಗದರಿದವರಲ್ಲ. ಈ ಹೆಸರು ಕಿವಿಗೆ ಬಿದ್ದಾಗ ಎಲ್ಲರಿಗಿಂತ ಜೋರಾಗಿ ನಕ್ಕವರೂ ಅವರೇ.

ಅಕ್ಕನ ಕೆಲಸವನ್ನು ಹೊರಗಿನವರಿಗೆ ತಿಳಿಸಿ ಹೇಳುವುದೇ ಕಷ್ಟ. “ನಿಮ್ಮಕ್ಕ ಹಾಡ್ತಾರಾ?” ಇಲ್ಲ. “ನುಡಿಸ್ತಾರಾ?” ಅದೂ ಇಲ್ಲ. “ಮತ್ತೆ ಸ್ಟುಡಿಯೋದಲ್ಲಿ ಏನ್ ಮಾಡ್ತಾರೆ?” ಎಂದರೆ, “ಅತ್ತೆ ಸೇವೆ” ಎಂದುಬಿಡುತ್ತಿದ್ದೆ. ಆ ಯಂತ್ರದೊಳಗೆ ದನಿ ಹುಟ್ಟಿಸುವ ಎರಡು ಭಾಗಗಳಿದ್ದವು. ಹಾರ್ಮೋನಿಯಂಗೆ ಇರುವ ಹಾಗೆ ಅದಕ್ಕೂ ಕಪ್ಪು ಬಿಳುಪು ಮನೆಗಳು; ಒಂದು ಮನೆ ಒತ್ತಿದರೆ ಎರಡೂ ಸೇರಿ ಒಂದೇ ಸ್ವರ ಹಿಡಿಯಬೇಕು. ಆದರೆ ಒಳಗೆ ಕಾವು ಏರುವವರೆಗೆ ಒಂದು ಮೇಲೆ ಜಾರುತ್ತಿತ್ತು, ಇನ್ನೊಂದು ಕೆಳಗೆ ಕುಸಿಯುತ್ತಿತ್ತು. ಹಾಗಾಗಿ ಅಕ್ಕ ಎಲ್ಲರಿಗಿಂತ ಮೊದಲು ಹೋಗಿ ಬೀಗ ತೆಗೆದು, ಸ್ವಿಚ್ ಹಾಕಿ, ಧೂಳು ಒರೆಸಿ ಕಾಯುತ್ತಿದ್ದಳು. ಕಾವು ಹಿಡಿದ ಮೇಲೆ ಸಣ್ಣ ಸ್ಕ್ರೂಡ್ರೈವರ್ ತಿರುಗಿಸಿ ಎರಡನ್ನೂ ಶ್ರುತಿಗೆ ತರುತ್ತಿದ್ದಳು. ಅದಕ್ಕೆ ಮೊದಲು ಯಾರಾದರೂ ಕೈ ಚಾಚಿದರೆ ಒಂದೇ ಮಾತು: “ತಡೀರಿ, ಮೈ ಬಿಸಿ ಆಗ್ಲಿ.”

ಆ ಯಂತ್ರವನ್ನು ನುಡಿಸುತ್ತಿದ್ದವರು ಗಾಯಕರು. ರಾಗ ಕಟ್ಟುವುದು, ನುಡಿಸುವುದು, ಹಾಡುವುದು ಎಲ್ಲ ಅವರೇ. ಆಗಿನ್ನೂ ಅವರ ಹೆಸರು ಯಾರಿಗೂ ಗೊತ್ತಿರಲಿಲ್ಲ.

ಅಕ್ಕನಿಗೆ ಒಬ್ಬಳೇ ಮಗಳು. ಬಾಯಿ ಮುಚ್ಚುತ್ತಲೇ ಇರಲಿಲ್ಲವಾದ್ದರಿಂದ ಮನೆಮಂದಿಗೆಲ್ಲ ಅವಳು ಮಾತಿನಮಲ್ಲಿ, ಕರೆಯುವಾಗ ಬರೀ ಮಲ್ಲಿ. ಭಾವ ದೂರದೂರಿಗೆ ಲಾರಿ ಓಡಿಸುತ್ತಿದ್ದರು, ಮನೆಯಲ್ಲಿ ಇರುತ್ತಿದ್ದುದೇ ಅಪರೂಪ. ನಾನು ಅಕ್ಕನ ಜೊತೆಗೇ ಇದ್ದೆ. ಒಮ್ಮೆ ಮಲ್ಲಿಗೆ ಜ್ವರ ಬಂತು. ಅಕ್ಕ ರಾತ್ರಿಯಿಡೀ ಬಟ್ಟೆ ನೆನೆಸಿ, ಹಿಂಡಿ, ಮಡಚಿ ಹಣೆಯ ಮೇಲೆ ಇಡುತ್ತಲೇ ಇದ್ದಳು. ಬೆಳಗಾಗುವಷ್ಟರಲ್ಲಿ ಜ್ವರ ಇಳಿಯಿತು. ಮಗು ಎದ್ದು ಕೂತು ಹಾಲು ಕುಡಿದು ವಟವಟ ಶುರುಮಾಡಿತು. ಅಂದು ರೆಕಾರ್ಡಿಂಗ್ ಇತ್ತು. ಹೊತ್ತು ಮೀರಿದ್ದರೂ ಅಕ್ಕ ಹೊರಟಳು. ಚಪ್ಪಲಿ ಹಾಕಿಕೊಳ್ಳುವಾಗ ಮಗು ಕೇಳಿತು: “ಅಮ್ಮಾ, ಅತ್ತೆಗೆ ಮೈ ಬಿಸಿ ಆದ್ರೆ ಒಳ್ಳೇದು ಅಂತೀಯ. ನನಗಾದ್ರೆ ಯಾಕೆ ಕೆಟ್ಟದ್ದು?”

“ಬಂದ್ಮೇಲೆ ಹೇಳ್ತೀನಿ,” ಎಂದಳು ಅಕ್ಕ.

ಅವಳು ಸ್ಟುಡಿಯೋ ಮುಟ್ಟಿದಾಗ ಬಾಗಿಲ ಮೇಲಿನ ಕೆಂಪು ದೀಪ ಉರಿಯುತ್ತಿತ್ತು. ಕಾದು ಬೇಸತ್ತ ಗಾಯಕರು ತಾವೇ ಸ್ವಿಚ್ ಹಾಕಿ ನುಡಿಸಲು ಶುರುಮಾಡಿದ್ದರು. ಕೆಂಪು ದೀಪ ಇರುವಾಗ ಯಾರೂ ಒಳಗೆ ಹೋಗುವಂತಿಲ್ಲ. ಅಕ್ಕ ಗಾಜಿನ ಆಚೆ ನಿಂತು ಎರಡೂ ಕೈ ಆಡಿಸಿ ಬೇಡ, ಬೇಡ ಎಂದಳು. ಹಾಡು ರೆಕಾರ್ಡ್ ಮಾಡುತ್ತಿದ್ದ ಎಂಜಿನಿಯರ್ ತುಟಿಯ ಮೇಲೆ ಬೆರಳಿಟ್ಟ. ಒಳಗೆ ಯಂತ್ರ ತಣ್ಣಗಿತ್ತು. ಎರಡು ದನಿಗಳು ಒಂದನ್ನೊಂದು ಹಿಡಿಯಲು ಹೋಗಿ ಜಾರುತ್ತಿದ್ದವು, ಅಳು ತಡೆದುಕೊಂಡು ಮಾತಾಡುವವರ ಗಂಟಲಿನ ಹಾಗೆ. ಹಾಡು ಮುಗಿದು ದೀಪ ಆರಿದ್ದೇ ತಡ, ಅಕ್ಕ ಒಳಗೆ ನುಗ್ಗಿದಳು.

“ಸರ್, ಅದು ತಪ್ಪು ಸ್ವರ. ಮೈ ಬಿಸಿ ಆಗ್ಲಿ, ಇನ್ನೊಂದ್ಸಲ ತಗೊಳ್ಳೋಣ.”

ಗಾಯಕರ ಕಣ್ಣು ಒದ್ದೆಯಾಗಿತ್ತು. “ಬೇಡಮ್ಮಾ. ನಾನು ಹುಡುಕ್ತಿದ್ದದ್ದು ಇದೇ.”

ಪಕ್ಕದಲ್ಲಿದ್ದ ಕೊಳಲಿನವರು ತಮಾಷೆಯ ಮನುಷ್ಯ. “ಇದು ಸ್ವರ ಅಲ್ಲ ಸರ್, ಜ್ವರ!” ಎಂದರು. ಎಲ್ಲರೂ ಗೊಳ್ಳೆಂದು ನಕ್ಕರು. ಅಕ್ಕನೂ ನಕ್ಕಳು.

ಆ ನಗುವನ್ನು ನಾನು ಫೋನಿನಲ್ಲಿ ಕೇಳಿದೆ. ಅಕ್ಕ ಹೋದ ಸ್ವಲ್ಪ ಹೊತ್ತಿಗೇ ಮಗುವಿನ ಮೈ ಕೆಂಡವಾಗಿ, ಕೈಕಾಲು ಸೆಟೆದುಕೊಂಡಿದ್ದವು. ಎತ್ತಿಕೊಂಡು ಆಸ್ಪತ್ರೆಗೆ ಓಡಿದ್ದೆ. ಮಗುವನ್ನು ಒಳಗೆ ಕರೆದುಕೊಂಡು ಹೋದಾಗಿನಿಂದ ಸ್ಟುಡಿಯೋಗೆ ಫೋನ್ ಮಾಡುತ್ತಲೇ ಇದ್ದೆ. ರೆಕಾರ್ಡಿಂಗ್ ನಡೆಯುವಾಗ ಯಾರೂ ಎತ್ತುವುದಿಲ್ಲ. ಕೊನೆಗೆ ಎತ್ತಿದಾಗ ಹಿಂದೆ ಗೊಳ್ಳೆಂಬ ನಗು. ಅಷ್ಟರಲ್ಲಿ ಡಾಕ್ಟರ್ ಹೊರಗೆ ಬಂದು ನನ್ನ ಭುಜದ ಮೇಲೆ ಕೈಯಿಟ್ಟು ಹೋಗಿದ್ದರು. ಕೊಳಲಿನವರ ತಪ್ಪಲ್ಲ, ಅವರಿಗೆ ಏನೂ ಗೊತ್ತಿರಲಿಲ್ಲ. ಆದರೂ ಆ ನಗುವನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ಹಾಡು ಹೊರಬಂತು. ಬಸ್ಸಿನಲ್ಲಿ, ಅಂಗಡಿಯಲ್ಲಿ, ಪಕ್ಕದ ಮನೆಯ ರೇಡಿಯೋದಲ್ಲಿ ಎಲ್ಲೆಲ್ಲೂ ಅದೇ. ಭಾವ ಲಾರಿಯೊಳಗಿನ ರೇಡಿಯೋ ಕಿತ್ತು ಬಿಸಾಡಿದರು. ಗಾಯಕರು ದೊಡ್ಡವರಾದರು. ಆ ನಡುಗುವ ಸ್ವರವೇ ಅವರ ಗುರುತಾಯಿತು. ಕೊಳಲಿನವರ ಬಾಯಿಂದ ಬಿದ್ದ ಮಾತು ಸ್ಟುಡಿಯೋ ತುಂಬ ಹಬ್ಬಿ, ಕೊನೆಗೆ ಗಾಯಕರೂ ಸಹಜವಾಗಿ, “ಈ ಹಾಡಿಗೂ ಜ್ವರದ ಸ್ವರ ಇರ್ಲಿ ಅಮ್ಮಾ” ಎನ್ನತೊಡಗಿದರು. ಮಗು ಹೋದಾಗ ಮನೆಗೆ ಬಂದು ಅತ್ತು ಹೋಗಿದ್ದ ಮನುಷ್ಯ! ಕೆಟ್ಟವರಲ್ಲ. ಆದರೆ ತಮ್ಮ ಹಾಡಿನಾಚೆ ಅವರಿಗೆ ಏನೂ ಕೇಳಿಸುತ್ತಿರಲಿಲ್ಲ.

ಕೆಲಸ ಬಿಡು ಎಂದು ಅಕ್ಕನಿಗೆ ಹೇಳಿ ಹೇಳಿ ನನ್ನ ಬಾಯಿ ಒಣಗಿತು. ಒಮ್ಮೆ ಊಟದ ಡಬ್ಬಿ ಕೊಡಲು ಹೋದಾಗ ಕಣ್ಣಾರೆ ಕಂಡೆ. ಯಂತ್ರಕ್ಕೆ ಬೇಗ ಕಾವು ಏರಿ ಸ್ವರ ಸರಿಹೋಗದಿರಲಿ ಎಂದು, ಅಕ್ಕ ತಣ್ಣೀರಿನಲ್ಲಿ ಬಟ್ಟೆ ಅದ್ದಿ, ಒಂದು ಹನಿಯೂ ಬೀಳದ ಹಾಗೆ ಹಿಂಡಿ, ಮಡಚಿ ಅದರ ತಗಡಿನ ಬೆನ್ನ ಮೇಲೆ ಇಡುತ್ತಿದ್ದಳು. ಅದೇ ಕೈ, ಬಟ್ಟೆಯ ಅದೇ ಮಡಿಕೆ. ಡಬ್ಬಿಯನ್ನು ಬಾಗಿಲಲ್ಲೇ ಇಟ್ಟು ಬಂದುಬಿಟ್ಟೆ.

“ಯಾಕಕ್ಕ ಇದೆಲ್ಲ?” ಎಂದು ಮನೆಯಲ್ಲಿ ಜಗಳ ತೆಗೆದೆ.

“ಒಂದೇ ಆಸೆ,” ಎಂದಳು. “ಅತ್ತೆನ ಸರಿಯಾಗಿ ಶ್ರುತಿ ಮಾಡಿ ಆ ಹಾಡನ್ನ ಒಂದ್ಸಲ ಮತ್ತೆ ತೆಗೀಬೇಕು. ನಾನು ತಡವಾಗಿ ಹೋಗಿದ್ದಕ್ಕೆ ಆದ ತಪ್ಪು ಅದು. ಅದು ಹಾಗೇ ಉಳ್ಕೊಂಡು ಊರೆಲ್ಲ ಕೇಳಿಸ್ತಿದೆ. ಸರಿಯಾದದ್ದು ಒಂದಾದ್ರೂ ಇರ್ಲಿ.”

ಆಗಾಗ ಗಾಯಕರನ್ನು ಕೇಳುತ್ತಲೂ ಇದ್ದಳು. “ಜನ ಒಪ್ಪಲ್ಲಮ್ಮಾ,” ಎಂದು ಅವರು ನಕ್ಕು ಜಾರಿಕೊಳ್ಳುತ್ತಿದ್ದರು. ‘ಮೈ ಬಿಸಿ’ ಎಂಬ ಮಾತನ್ನು ಮಾತ್ರ ಅಕ್ಕ ಆ ದಿನದಿಂದ ಆಡಲೇ ಇಲ್ಲ.

ಕಾಲ ಹೀಗೇ ಸರಿಯಿತು. ಭಾವ ತೀರಿಕೊಂಡರು. ಸ್ಟುಡಿಯೋಗೆ ಬಂದ ಹೊಸ ಎಂಜಿನಿಯರ್, ತಣ್ಣಗಿದ್ದಾಗಲೇ ಯಂತ್ರದ ಒಂದೊಂದು ಮನೆಯನ್ನೂ ಒತ್ತಿ, ಅಷ್ಟೂ ಸ್ವರಗಳನ್ನು ಕಂಪ್ಯೂಟರಿಗೆ ತುಂಬಿಕೊಂಡ. ಇನ್ನು ಅತ್ತೆಯೂ ಬೇಡ, ಅಕ್ಕನೂ ಬೇಡ. ಗಾಯಕರಿಗೆ ವಯಸ್ಸಾಗಿ ಗಂಟಲು ಕೈಕೊಟ್ಟಿತ್ತು. “ನಿಮ್ಮ ಅತ್ತೆನ ನೀವೇ ಕರ್ಕೊಂಡ್ಹೋಗಿ,” ಎಂದರು.

“ಕರ್ಕೊಂಡ್ಹೋಗ್ತೀನಿ ಸರ್. ನೀವೊಮ್ಮೆ ಬಂದು ಆ ಹಾಡು ನುಡಿಸ್ಬೇಕು. ಸರಿಯಾದ ಶ್ರುತೀಲಿ.”

ಈ ಸಲ ಅವರು ನಗಲಿಲ್ಲ, ಬರುತ್ತೇನೆ ಎಂದರು. ಹೇಳಿದಂತೆ ಒಂದು ಮಧ್ಯಾಹ್ನ ಕೋಲೂರಿಕೊಂಡು ಬಂದರು. ಮಲ್ಲಿಯ ಮಂಚವಿದ್ದ ಜಾಗದಲ್ಲಿ ಯಂತ್ರ ಇಟ್ಟಿದ್ದೆವು. ಅಕ್ಕ ಬೆಳಗ್ಗೆಯೇ ಸ್ವಿಚ್ ಹಾಕಿ, ಕಾವು ಹಿಡಿಯಲು ಬಿಟ್ಟು, ಸ್ಕ್ರೂಡ್ರೈವರ್ ಹಿಡಿದು ಶ್ರುತಿ ಕೂಡಿಸಿದ್ದಳು. ಮಾತು ಉಳಿಸಿಕೊಂಡರಲ್ಲ ಎಂದು ಆ ಮನುಷ್ಯನ ಮೇಲೆ ನನಗೆ ಮೊದಲ ಬಾರಿಗೆ ಮೆಚ್ಚುಗೆಯಾಯಿತು. ಅವರು ನುಡಿಸಿದರು. ಎರಡು ದನಿಗಳು ಒಂದಾಗಿ, ಎಲ್ಲೂ ಜಾರದೆ, ಸಪಾಟಾದ ನೆಲದ ಮೇಲೆ ನಡೆದ ಹಾಗೆ ಹಾಡು ಮುಗಿಯಿತು.

“ಸರಿಯಾಯ್ತಾ ಅಮ್ಮಾ?”

“ಶ್ರುತಿ ಸರಿಯಾಗಿದೆ ಸರ್,” ಎಂದಳು ಅಕ್ಕ. ಅವರನ್ನು ಗೇಟಿನವರೆಗೆ ಕಳಿಸಿ ಬಂದು ನೆಲದ ಮೇಲೆ ಕೂತಳು.

“ಏನಾಯ್ತಕ್ಕ? ನೀನು ಕೇಳಿದ್ದು ಸಿಕ್ತಲ್ಲ!”

“ಇದ್ರಲ್ಲಿ ಅವಳಿಲ್ಲ,” ಎಂದಳು. “ಅವತ್ತು ಆ ಹಾಡು ತೆಗೀವಾಗ ಮಲ್ಲಿ ಇನ್ನೂ ಇದ್ಲು. ನಾನು ಗಾಜಿನ ಆಚೆ ನಿಂತು ಬೇಡ ಬೇಡ ಅಂತಿದ್ನಲ್ಲ, ಆಗ ಅವಳಿಗೆ ಉಸಿರಿತ್ತು. ಅದನ್ನ ತಪ್ಪು ಅಂತ ಅಳಿಸೋಕೆ ಹೊರಟಿದ್ನಲ್ಲ ನಾನು.”

ಇಬ್ಬರೂ ಅತ್ತೆವು. ಎದ್ದು ಯಂತ್ರದ ಸ್ವಿಚ್ ಆರಿಸಿದವಳು ಅಕ್ಕನೇ.

ಮರುದಿನ ಬೆಳಗ್ಗೆ ಎದ್ದು ಬಂದಾಗ ಅಕ್ಕ ಬಟ್ಟೆ ಹಿಂಡುತ್ತಿದ್ದಳು. ಮಡಚಿ ಯಂತ್ರದ ಬೆನ್ನ ಮೇಲಿಟ್ಟು, ಸ್ವಿಚ್ ಹಾಕಿ, ಒಂದು ಮನೆ ಒತ್ತಿ ಹಿಡಿದಳು. ಸ್ವರ ನಡುಗಿತು.

“ಬಾ,” ಎಂದಳು, “ಮೈ ಬಿಸಿ ಆಗೋದ್ರೊಳಗೆ ಕೇಳು.”

ನಾನು ಪಕ್ಕದಲ್ಲಿ ಕೂತೆ. ಸ್ವಲ್ಪ ಹೊತ್ತಿಗೆ ನಡುಕ ಕಡಿಮೆಯಾಗುತ್ತಾ ಬಂತು. ಎದ್ದು, ಬಟ್ಟೆಯನ್ನು ಮತ್ತೆ ತಣ್ಣೀರಿಗೆ ಅದ್ದಿ, ಹಿಂಡಿ, ಅವಳ ಕೈಗೆ ಕೊಟ್ಟೆ.