ಮೀನು ಅಂದರೆ ಮೈನು ಅಂದರು

ಕೋದಂಡಪ್ಪನಿಗೆ ಆಗ ಹದಿನೇಳು. ಬೂದಿಕೋಟೆ ಪಕ್ಕದ ಅವರೂರ ಕೆರೆಗೆ ಇಳಿದ ಎಮ್ಮೆ ಮೇಲಕ್ಕೆ ಬರಲೊಲ್ಲದು. ಮೀನು ಹಿಡಿಯುವ ಬಚ್ಚಪ್ಪ "ಬಾರ್ಲಾ, ಕೂತ್ಕೊ" ಅಂತ ತನ್ನ ಹರಿಗೋಲಿಗೆ ಕರೆದ. ಇವನ ಕೈಗೆ ಹುಟ್ಟು ಸಿಕ್ಕಿದ್ದೇ ತಡ, ಹರಿಗೋಲು ಬುಗುರಿಯ ಹಾಗೆ ಗಿರಗಿರ ಸುತ್ತಿತು.

"ನೀರ್ನ ತಳ್ಬೇಡ್ಲೇ, ಮುಂದೆ ಊರಿ ನಿನ್ ಕಡೀಕೆ ಎಳ್ಕೊ! ಗುದ್ದಲಿ ಅಲ್ಲ ಅದು!"

ಎಳೆದುಕೊಂಡ. ಹರಿಗೋಲು ಮಾತು ಕೇಳಿತು. ಎಮ್ಮೆ ತಾನೇ ದಡ ಹತ್ತಿ ಮನೆಗೆ ಹೋಯಿತು, ಇವನು ಹೋಗಲಿಲ್ಲ. ಅವತ್ತಿನಿಂದ ಬಲೆ ಬಿಡುವುದು, ಬಿದಿರಿನ ಕೂಳಿ ಹೂಡುವುದು, ಅದೇ ಧ್ಯಾನ. ಕೂಳಿಯ ಅಗಲ ಬಾಯಿ ತೋರಿಸಿ ಬಚ್ಚಪ್ಪ ಹೇಳಿದ್ದ: "ಮೀನು ಕುಶಿಯಾಗೇ ಒಳೀಕೆ ಬತ್ತದೆ. ಆಚೀಕೆ ಓಗೋ ದಾರಿ ಮಾತ್ರ ಇರಾಕಿಲ್ಲ."

ಎಪ್ಪತ್ತೊಂಬತ್ತನೇ ಇಸವಿಯಲ್ಲಿ ಹೆಣ್ಣು ನೋಡಲು ಮೈಸೂರು ಮೈನ್ಸ್ ಅನ್ನುವ ಚಿನ್ನದ ಗಣಿಯ ಊರಿಗೆ ಹೋದರು. ಹೆಣ್ಣಿನ ತಂದೆ ಶ್ರೀರಾಮಪ್ಪ ಗಣಿಯಲ್ಲಿ ಬಂಡೆ ಸಿಡಿಸಿ ಸಿಡಿಸಿ ಕಿವಿ ಮಂದ ಮಾಡಿಕೊಂಡವನು. "ಉಡುಗ ಏನ್ಮಾಡ್ತಾನೆ?" ಅಂದ. ಕೋದಂಡಪ್ಪನ ಅಜ್ಜಿ ಅಕ್ಕಯ್ಯಮ್ಮ ಬಾಯಿತುಂಬ ಎಲೆಅಡಿಕೆ ಇಟ್ಟುಕೊಂಡೇ "ಮೀನು" ಅಂದಳು.

"ಮೈನಾ! ಯಾವ ಶಾಫ್ಟಪ್ಪಾ?" ಅಂತ ಶ್ರೀರಾಮಪ್ಪ ಎದ್ದು ತಬ್ಬಿಕೊಂಡೇಬಿಟ್ಟ. ಬಾಗಿಲ ಸಂದಿಯಲ್ಲಿ ಹೆಣ್ಣು ಮುತ್ಯಾಲಮ್ಮನ ಮುಖ ಕಂಡಿತ್ತು. ಕೋದಂಡಪ್ಪ ಬಾಯಿ ಬಿಡಲಿಲ್ಲ.

ಶ್ರೀರಾಮಪ್ಪನಿಗೆ ನಿಜ ತಿಳಿಯುವ ಹೊತ್ತಿಗೆ ಲಗ್ನಪತ್ರಿಕೆ ಹಂಚಿ ಆಗಿತ್ತು. "ನೆಂಟರಿಗೆಲ್ಲ ಮೈನು ಅಂದಿದೀನಿ, ಮೈನೇ ಆಗ್ಬೇಕು" ಅಂತ ಮಾವ ಮಗಳಿಗೂ ಹೇಳದೆ ಅವರಿವರ ಕೈಕಾಲು ಹಿಡಿದು ಗಣಿಯಲ್ಲಿ ಕೆಲಸ ಕೊಡಿಸಿದ.

ಶಾಫ್ಟಿನ ಬಾವಿಯೊಳಗೆ ಆಳುಗಳನ್ನು ಪಾತಾಳಕ್ಕೆ ಇಳಿಸುವ ಪಂಜರಕ್ಕೆ ಎಲ್ಲರೂ ಕೇಜು ಅಂದರೆ ಅವನು ಮನಸ್ಸಲ್ಲೇ ಕೂಳಿ ಅಂದ. ಹನ್ನೆರಡು ವರ್ಷ, ಸೈರನ್ ಕೂಗಿದಾಗೆಲ್ಲ ಅದರೊಳಕ್ಕೆ ಹೋದ. ಕೆಳಗೆ ಕಾದ ಹೆಂಚಿನಂಥ ಸೆಕೆ. ಬಂಡೆ ಸಂದಿಯ ನೀರಲ್ಲಿ ಒಂದು ಮರಿಮೀನೂ ಇಲ್ಲ. ಭಾನುವಾರ ಮಾತ್ರ "ಅವ್ವನ್ನ ನೋಡ್ಕೊಂಡು ಬತ್ತೀನಿ" ಅಂತ ಬೂದಿಕೋಟೆ ಬಸ್ಸು ಹತ್ತಿ ಕೆರೆಗೆ ಹೋಗುವನು. ತಾನು ಮೀನಿನವನು ಅನ್ನುವ ನಿಜ ಹೇಳಿದರೆ ಹೆಂಡತಿ ಮೋಸಗಾರ ಅಂದಾಳು ಅನ್ನುವ ಅಂಜಿಕೆ.

ಒಂದು ಭಾನುವಾರ ಬಚ್ಚಪ್ಪ ಹೇಳಿದ: "ರಟ್ಟೇಲಿ ಕಸುವಿಲ್ಲ ಕಣ್ಲಾ. ಅರಿಗೋಲು ನೀನೇ ಇಟ್ಕೊ. ಈ ವಾರ ಗಣಿ ಬಿಟ್ಟು ಬರದಿದ್ರೆ ಬೇರೆಯೋರಿಗೆ ಕೊಟ್ಬಿಡ್ತೀನಿ."

ಮನೆಗೆ ಬರುವ ದಾರಿಯುದ್ದಕ್ಕೂ ಲೆಕ್ಕ ಹಾಕಿದ. ಕೆಲಸ ಬಿಟ್ಟರೆ ಕ್ವಾರ್ಟ್ರಸ್ಸು ಬಿಡಬೇಕು, ಮಕ್ಕಳಿಬ್ಬರು ಇಸ್ಕೂಲಲ್ಲಿ. ಬಿಡದಿದ್ದರೆ ಹರಿಗೋಲು ಕೈತಪ್ಪುತ್ತದೆ. ಕೊನೆಗೆ ಮುತ್ಯಾಲಮ್ಮನ ಮುಂದೆ ಎಲ್ಲ ಹೇಳಿಕೊಂಡ.

"ವಾರ ವಾರ ಮೀನಿನ ವಾಸನೆ ಒತ್ಕೊಂಡು ಬತ್ತೀಯ, ನಂಗೆ ಮೂಗಿಲ್ವಾ?" ಅಂದಳು. "ಕಿವಿ ಮಂದ ನಮ್ಮಪ್ಪಂಗೆ, ನಂಗಲ್ಲ. ಅವತ್ತು ಬಾಗಿಲ ಸಂದೀಲಿ ನಂಗೆ ಮೀನು ಅಂತ್ಲೇ ಕೇಳಿಸ್ತು. ಮೀನಿನೋನು ಅಂತ್ಲೇ ಊಂ ಅಂದೆ."

"ಅವತ್ತೇ ಯಾಕೇಳ್ಲಿಲ್ಲ?"

"ನೀನೇಳಿದ್ಯಾ?"

ಸೋಮವಾರ ಸೈರನ್ ಕೂಗಿತು. ಮುತ್ಯಾಲಮ್ಮ ಅವನ ಕೈಗೆ ಬುತ್ತಿ ಕೊಟ್ಟು ಸೆರಗು ಬಿಗಿದಳು. "ನೀನು ಕೆಳೀಕೆ ಓಗು. ಮಕ್ಕಳು ಇಸ್ಕೂಲಿಗೋದ್ಮೇಲೆ ನಾನು ಬಸ್ ಅತ್ತುತೀನಿ. ಅರಿಗೋಲು ಬೇರೆಯೋರಿಗೆ ಯಾಕೆ, ನಂಗೆ ಕಲಿಸಲಿ ಬಚ್ಚಪ್ಪ."

ಕಬ್ಬಿಣದ ಬಾಗಿಲು ಬಿತ್ತು, ಕೇಜು ಇಳಿಯಿತು. ಪಕ್ಕದಲ್ಲಿ ನಿಂತ ಕುಪ್ಪುಸ್ವಾಮಿ "ಏನಪ್ಪಾ, ಗಾಳೀನ ಕೆರೀತಾ ಇದೀಯ?" ಅಂದ. ಕೋದಂಡಪ್ಪನ ಕೈಗಳು ಎದೆಯ ಮುಂದೆ ಹುಟ್ಟು ಎಳೆಯುವ ಹಾಗೆ ತಾವಾಗೇ ಆಡುತ್ತಿದ್ದವು.

"ನಮ್ಮೋಳು ನೀರ್ನ ತಳ್ತಾಳೆ ಕಣಯ್ಯಾ, ಎಳ್ಕೊಳ್ಳಾಕಿಲ್ಲ" ಅಂದ. "ಸಾಯಂಕಾಲದವರ್ಗೂ ಅಲ್ಲೇ ಸುತ್ತುತಾಳೆ."