ಬಾಲ್ಕನಿಯ ಅಳತೆಗೆ ಮಾಡಿಸಿದ ಶೇಗಡಿ

ಮಗಳು ಬಾಲ್ಕನಿಗೊಂದು ಗ್ರಿಲ್ ಕೊಳ್ಳಲು ಹೊರಟಿದ್ದಾಳೆ. ಕಳ್ಳರಿಗೆಂದು ಹಾಕಿಸುವ ಕಂಬಿಯಲ್ಲ, ಬದನೆಕಾಯಿ, ಮೆಕ್ಕೆಜೋಳ ಸುಡುವ ಗ್ರಿಲ್. ಅಂಗಡಿಯವರು ಕೊಟ್ಟ ಬಣ್ಣದ ಹಾಳೆಯನ್ನು ನನ್ನ ಮುಂದೆ ಹರಡಿ, "ಅವ್ವಾ, ಇದ್ದಲಿದು ತರಲೋ, ಕರೆಂಟಿಂದು ತರಲೋ? ನಿನಗ ಗೊತ್ತದಲ್ಲ, ಹೇಳು" ಎಂದಳು. ಈ ವಿಷಯದಲ್ಲಿ ನಾನು ಒಮ್ಮೆ ಭಾರೀ ಜಾಣತನ ತೋರಿಸಿದವಳು.

ನನ್ನ ತವರು ಕಮಲಾಪುರ. ಅಲ್ಲಿನ ಕೆಂಪು ಬಾಳೆಹಣ್ಣಿನ ಹೆಸರು ನೀವೂ ಕೇಳಿರುತ್ತೀರಿ. ನನಗೆ ಮಾತ್ರ ತವರೆಂದರೆ ಸೀತನಿ. ಜೋಳದ ಹಾಲುತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿ ಇರುವಾಗಲೇ ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಹಚ್ಚಿಕೊಂಡು ತಿನ್ನುವುದು. ನೀವು ತಿಂದಿಲ್ಲವಾದರೆ ನಾನು ಎಷ್ಟು ಹೇಳಿದರೂ ಅಷ್ಟೇ. ಮಾರುವ ಜೋಳದ ನಡುವೆ ಮನೆಯವರ ಬಾಯಿಗೆಂದು ಸೀತನಿಯ ಬೇರೆ ತಳಿಯನ್ನೇ ನಾಲ್ಕು ಸಾಲು ಹಾಕುತ್ತಾರೆ. ನನ್ನ ಮದುವೆಯಾದ ಮೇಲೆ ಆ ನಾಲ್ಕು ಸಾಲು ನನ್ನವೇ ಆದವು. ಚಳಿಗಾಲದಲ್ಲೊಂದು ದಿನ ಅಣ್ಣ ಮುಂಜಾನೆ ತೆನೆ ಮುರಿದು, ಗಂಟು ಕಟ್ಟಿ, ಮೊದಲ ಬಸ್ಸಿಗೇ ಕಲಬುರಗಿಗೆ ಬರುತ್ತಿದ್ದ. ಆಗ ನಾವು ಶಹಾಬಜಾರದ ಹಳೆ ಮನೆಯಲ್ಲಿ ಬಾಡಿಗೆಗಿದ್ದೆವು. ಅಂಗಳದಲ್ಲಿ ಅವನೇ ಕೂತು ಸುಡುತ್ತಿದ್ದ, ಓಣಿಯವರೆಲ್ಲ ಒಂದೊಂದು ಹಿಡಿ ಒಯ್ಯುತ್ತಿದ್ದರು. ಅಣ್ಣ ಮಾತಿನವನಲ್ಲ. ತಂಗಿಯ ಹತ್ತಿರ ಒಂದು ದಿನ ಕೂರಲಿಕ್ಕೆ ಅವನಿಗೆ ಅದೊಂದೇ ನೆವ.

ತೊಂಬತ್ತರ ದಶಕದಲ್ಲಿ ಸ್ಟೇಶನ್ ಬಜಾರದ ಹತ್ತಿರ ಎರಡನೇ ಮಹಡಿಯಲ್ಲಿ ಫ್ಲ್ಯಾಟ್ ಕೊಂಡೆವು. ಗೃಹಪ್ರವೇಶಕ್ಕೆ ಬಂದ ಅಣ್ಣ ಬಾಲ್ಕನಿಯನ್ನು ಗೇಣು ಹಾಕಿ ಅಳೆದ. ಯಾಕೆಂದು ನಾನು ಕೇಳಲಿಲ್ಲ, ಬೀಗರಿಗೆ ಹೊಸ ಪರದೆ ತೋರಿಸುವ ಗಡಿಬಿಡಿಯಲ್ಲಿದ್ದೆ. ಚಳಿ ಶುರುವಾಗುವ ಮೊದಲೇ ನಾಲ್ಕು ಅಂಗಡಿ ತಿರುಗಿ ಕರೆಂಟಿನ ಗ್ರಿಲ್ ಆರಿಸಿದೆ. "ಹೊಗಿ ಇಲ್ಲ, ಬೂದಿ ಇಲ್ಲ, ಫ್ಲ್ಯಾಟಿಗಿ ಇದೇ ಛಲೋ ನೋಡ್ರಿ ಅಕ್ಕಾರ" ಎಂದ ಅಂಗಡಿಯವನ ಮಾತು ನನಗೆ ವೇದವಾಯಿತು.

ಆ ಸಲ ಅಣ್ಣ ಬಂದಾಗ ಒಂದು ಕೈಯಲ್ಲಿ ತೆನೆಯ ಗಂಟು, ಇನ್ನೊಂದರಲ್ಲಿ ಕೆಂಡ ಹಾಕುವ ಪುಟ್ಟ ಕಬ್ಬಿಣದ ಶೇಗಡಿ. ಊರಿನ ಕಮ್ಮಾರನಿಂದ ಮಾಡಿಸಿದ್ದ.

"ನಿನ್ನ ಬಾಲ್ಕನಿ ಅಳತಿದು. ಕಾಲು ಎತ್ತರ ಇಡಿಸೀನಿ, ಫರ್ಶಿ ಸುಡಂಗಿಲ್ಲ" ಎಂದ.

"ಅಯ್ಯ ಅಣ್ಣಾ, ಇಲ್ಲಿ ಹೊಗಿ ಎಬ್ಬಿಸಿದ್ರ ಮಂದಿ ಸುಮ್ಮನಿರ್ತಾರೇನು? ಮ್ಯಾಲ ಹಲೀಮಾ ಆಪಾ ಅರಿಬಿ ಒಣಹಾಕ್ತಾರ. ಬೈಸಿಕೊಳ್ಳಾಕಿ ನಾನು" ಎಂದೆ.

ತೆನೆಗಳನ್ನು ನನ್ನ ಗ್ರಿಲ್ ಮೇಲೆ ಜೋಡಿಸಿದೆ. ಕಾಳು ಒಣಗಿ ಹರಳಿನಂತಾದವು. ಅಣ್ಣ ಎರಡು ಹಿಡಿ ತಿಂದು, "ಛಲೋ ಆಗ್ಯಾವ" ಎಂದ. ಸುಳ್ಳು ಹೇಳಿ ರೂಢಿಯಿಲ್ಲದವನು, ನೆಲ ನೋಡುತ್ತ ಹೇಳಿದ. ಸಂಜೆ ಹೊರಟಾಗ ಶೇಗಡಿಯನ್ನಾದರೂ ಇಟ್ಟುಕೊಳ್ಳಬಹುದಿತ್ತು. "ಇಡಲಾಕ ಜಾಗಾ ಎಲ್ಲದ ಅಣ್ಣಾ" ಎಂದುಬಿಟ್ಟೆ. ಬಸ್ ಸ್ಟ್ಯಾಂಡಿನಲ್ಲಿ ನೋಡಿದೆ, ಅದನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಹತ್ತಿರ ಕೂತಿದ್ದ.

ಮುಂದಿನ ಚಳಿಗಾಲ ಅವನು ಬರಲಿಲ್ಲ. ಮುನಿಸೆಂದು ಹೇಳುವಂತಿರಲಿಲ್ಲ. ಪಂಚಮಿಗೆ ಕರೆಯುವುದು ತಪ್ಪಿಸಲಿಲ್ಲ, ಮದುವೆ ಮುಂಜಿಗಳಿಗೆಲ್ಲ ಬಂದ. ತೆನೆಯ ಗಂಟು ಮಾತ್ರ ಬರಲಿಲ್ಲ. ಆಗಲೇ ಒಂದು ದಿನ ಹಲೀಮಾ ಆಪಾ ಮೆಟ್ಟಿಲ ಮೇಲೆ ಸಿಕ್ಕರು.

"ಈ ಸಾಲ ನಿಮ್ಮ ಭಾಯಿ ಬರಲಿಲ್ಲೇನ್ರಿ? ನಂದು ತವರುಮನಿ ತಾಜಸುಲ್ತಾನಪುರ, ಸೀತನಿ ತಿಂದೇ ಬೆಳದಾಕಿ. ಹೋದ ವರ್ಷ ಅವ್ರ ಕೈಯಾಗ ತೆನಿ ನೋಡಿ, ಕರೀತೀರಿ ಅಂತ ದಾರಿ ಕಾಯ್ದೆ."

"ಹೊಗಿ ಆಗ್ತದಲ್ರಿ ಆಪಾ?"

"ಹೊಗಿಗೇನ್ರಿ, ಅರಿಬಿ ತಕ್ಕೊಂಡ್ರಾತು."

ಅವರ ಹೆಸರು ಹೇಳಿ ಅಣ್ಣನನ್ನು ಕಳಿಸಿದ್ದೆ, ಅವರನ್ನು ಒಂದು ಮಾತು ಕೇಳಿರಲಿಲ್ಲ. ಇನ್ನೂ ನಿಜ ಹೇಳಬೇಕೆಂದರೆ, ಅವರ ಬಟ್ಟೆಯ ಚಿಂತೆ ನನಗಿರಲೇ ಇಲ್ಲ. ಫ್ಲ್ಯಾಟಿನವಳಾದೆನೆಂಬ ಸೊಕ್ಕಿತ್ತು. ಅಂದೇ ಊರಿಗೆ ಹೋಗಿ ಅಣ್ಣನಿಗೆ ಹೇಳಬೇಕಿತ್ತು. ನಾಚಿಕೆಯಾಯಿತು. ಇವತ್ತು ನಾಳೆ ಎನ್ನುತ್ತ ಹತ್ತು ಹನ್ನೆರಡು ವರ್ಷ ದಾಟಿಸಿದೆ.

"ಯಾವುದರೆ ತಗೋ, ಮೊದಲ ಮ್ಯಾಲ ಹೋಗಿ ಆಪಾಗ ಕೇಳಿ ಬಾ" ಎಂದು ಹಾಳೆ ಹರಡಿ ಕೂತಿದ್ದ ಮಗಳನ್ನು ಕಳಿಸಿ ಅಣ್ಣನಿಗೆ ಫೋನು ಹಚ್ಚಿದೆ. ಸುತ್ತಿ ಬಳಸಲಿಲ್ಲ.

"ಅಣ್ಣಾ, ಆವತ್ತ ಶೇಗಡಿ ವಾಪಸ್ ಕಳಿಸಿದ್ದು ನಂದೇ ತಪ್ಪು. ಈ ವರ್ಷ ನಾಲ್ಕು ಸಾಲು ಸೀತನಿ ಹಾಕು, ನಾನೇ ಬರತೀನಿ."

"ಹಾಕತಿದ್ದೆ ತಂಗಿ, ಬೀಜ ಎಲ್ಲದ? ಅವ್ವ ಕಾಯ್ಕೊಂಡು ಬಂದ ಬೀಜ ಅದು, ವರ್ಷಾ ಬಿತ್ತಿದ್ರನ ಉಳೀತಿತ್ತು. ನೀ ಒಲ್ಲೆ ಅಂದ ಮ್ಯಾಲ ನಾ ಯಾರಿಗಿ ಬಿತ್ತಲಿ?"

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.